ಶಾಲೆಯ ಊಟದಿಂದ ಮಕ್ಕಳ ಓದಿಗೆ ಪ್ರಯೋಜನವಿದೆಯೇ?

ಶಾಲೆಯಲ್ಲಿ ಕೊಡುವ ಮಧ್ಯಾಹ್ನದ ಊಟ ಮಕ್ಕಳ ಹೊಟ್ಟೆ ತುಂಬಿಸುವುದಷ್ಟೇ ಹೊರತು ಓದಿಗೂ ಅದಕ್ಕೂ ಸಂಬಂಧವಿದೆಯೇ ಎಂದು ತಾವು ಕೇಳಿದ್ದೀರಿ. ಸಂಬಂಧ ಖಂಡಿತ ಇದೆ. ಆದರೆ ಅದನ್ನು ಬರುವ ಪರೀಕ್ಷೆಯ ಅಂಕಪಟ್ಟಿಯಲ್ಲಿ ಹುಡುಕಬಾರದು ಎಂಬುದು ಹಲವು ವರ್ಷ ಪ್ರಾಥಮಿಕ ತರಗತಿಗಳಿಗೆ ಪಾಠ ಮಾಡಿರುವ ನನ್ನ ಅಭಿಪ್ರಾಯ.

ವಯಸ್ಕರ ಮಿದುಳು ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟಿದ್ದರೂ ವಿಶ್ರಾಂತಿಯಲ್ಲಿ ವ್ಯಯವಾಗುವ ಶಕ್ತಿಯ ಸುಮಾರು ಶೇ. 20ರಷ್ಟನ್ನು ತಾನೇ ಬಳಸಿಕೊಳ್ಳುತ್ತದೆ. ಶಾಲೆಗೆ ಸೇರುವ ವಯಸ್ಸಿನ ಮಗುವಿನಲ್ಲಿ ಈ ಪಾಲು ಇನ್ನೂ ಬಹಳ ದೊಡ್ಡದು. ಒಮ್ಮೆ ಊಟದ ಗಂಟೆಗೆ ಮುಂಚಿನ ಅವಧಿಯಲ್ಲಿ ಹುಡುಗನೊಬ್ಬ ಒಂದೇ ವ್ಯವಕಲನದ ಲೆಕ್ಕವನ್ನು ಹಾಳೆ ಹರಿಯುವವರೆಗೂ ಅಳಿಸಿ ಅಳಿಸಿ ಬರೆಯುತ್ತಿದ್ದ. ಊಟ ಮುಗಿಸಿ ಬಂದವನು ಅದನ್ನೇ ಯಾರ ನೆರವೂ ಇಲ್ಲದೆ ಬಿಡಿಸಿ ತೋರಿಸಿದ. ಬೆಳಿಗ್ಗೆ ಅವನು ಏನೂ ತಿಂದಿರಲಿಲ್ಲವೆಂದು ಆಮೇಲೆ ತಿಳಿಯಿತು. ಅಲ್ಲಿಯವರೆಗೆ ಅವನನ್ನು ಗಣಿತದಲ್ಲಿ ಹಿಂದುಳಿದವನೆಂದೇ ನಾನು ಎಣಿಸಿದ್ದೆ.

ಇದು ಕಣ್ಣಿಗೆ ಕಾಣುವ ಹಸಿವು. ಹೊಟ್ಟೆ ತುಂಬಿದ್ದರೂ ಉಳಿಯುವ ಪೋಷಕಾಂಶಗಳ ಕೊರತೆ ಇದಕ್ಕಿಂತ ಕಷ್ಟದ್ದು, ಏಕೆಂದರೆ ಅದನ್ನು ನಾವು ಸೋಮಾರಿತನವೆಂದು ತಪ್ಪು ತಿಳಿಯುತ್ತೇವೆ. ಐದರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ಹಿಮೋಗ್ಲೋಬಿನ್ ಪ್ರಮಾಣ ಡೆಸಿಲೀಟರಿಗೆ 11.5 ಗ್ರಾಂಗಿಂತ ಕಡಿಮೆಯಾದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ರಕ್ತಹೀನತೆ ಎಂದು ಪರಿಗಣಿಸುತ್ತದೆ. ರಕ್ತದಲ್ಲಿ ಆಮ್ಲಜನಕ ಸಾಗಿಸುವುದಕ್ಕೆ ಮಾತ್ರವಲ್ಲದೆ ಮಿದುಳಿನ ರಾಸಾಯನಿಕ ಸಂದೇಶಗಳಿಗೂ ಕಬ್ಬಿಣಾಂಶ ಬೇಕಾಗಿರುವುದರಿಂದ, ಅದು ಕಡಿಮೆಯಾದ ಮಗು ಬೇಗ ದಣಿಯುತ್ತದೆ, ಹೇಳಿದ್ದನ್ನು ಗಮನದಲ್ಲಿಟ್ಟುಕೊಳ್ಳಲು ಹೆಣಗುತ್ತದೆ. ಬರೀ ಧಾನ್ಯದ ಊಟದಿಂದ ಈ ಕೊರತೆ ನೀಗುವುದಿಲ್ಲ. ಬೇಳೆಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಚೆನ್ನಾಗಿ ಹೀರಿಕೊಳ್ಳಬೇಕಾದರೆ ಅದೇ ಊಟದಲ್ಲಿ ಸಿ ಜೀವಸತ್ವವಿರುವ ಹಣ್ಣೋ ತರಕಾರಿಯೋ ಇರಬೇಕು.

ಇಂಥ ಬದಲಾವಣೆ ನಿಧಾನವಾಗಿ ಕಾಣಿಸುತ್ತದೆ. ಸ್ವೀಡನ್ನಿನಲ್ಲಿ 1959ರಿಂದ 1969ರವರೆಗೆ ಹಂತಹಂತವಾಗಿ ಜಾರಿಯಾದ ಪೌಷ್ಟಿಕ ಶಾಲಾ ಊಟವನ್ನು ಪ್ರಾಥಮಿಕ ಶಿಕ್ಷಣದ ಅವಧಿಯುದ್ದಕ್ಕೂ ಉಂಡ ಮಕ್ಕಳ ಜೀವಮಾನದ ಗಳಿಕೆ, ಉಣ್ಣದವರಿಗಿಂತ ಸುಮಾರು ಶೇ. 3ರಷ್ಟು ಹೆಚ್ಚಿತ್ತೆಂದು ಸಂಶೋಧಕರು ದಶಕಗಳ ನಂತರ ಲೆಕ್ಕ ಹಾಕಿದರು. ಬಡ ಮನೆಗಳ ಮಕ್ಕಳಿಗೆ ಆದ ಲಾಭ ಇನ್ನೂ ಹೆಚ್ಚು. ತಕ್ಷಣಕ್ಕೆ ಕಾಣುವ ಫಲವೆಂದರೆ ಹಾಜರಾತಿ, ಅದೂ ಸಣ್ಣದೇನಲ್ಲ.

ಬಡಿಸಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆಂಬ ಭರವಸೆಯೂ ಇಲ್ಲ. ನನ್ನ ತರಗತಿಯ ಹುಡುಗಿಯೊಬ್ಬಳು ತರಕಾರಿಯನ್ನು ತಟ್ಟೆಯ ಅಂಚಿಗೆ ಸರಿಸಿ, ಅರ್ಧ ಊಟ ಬಿಟ್ಟು, ಆಟದ ಸರದಿ ತಪ್ಪೀತೆಂದು ಮೈದಾನಕ್ಕೆ ಓಡುತ್ತಿದ್ದಳು. ಬೈದು ಉಪಯೋಗವಾಗಲಿಲ್ಲ. ಆಟವನ್ನು ಊಟಕ್ಕಿಂತ ಮೊದಲಿಗೆ ತಂದು, ಕೂತು ಉಣ್ಣಲು ಇಪ್ಪತ್ತು ನಿಮಿಷ ಮೀಸಲಿಟ್ಟ ಮೇಲೆ ಅವಳ ತಟ್ಟೆಯ ಅಂಚಿನಲ್ಲಿ ಉಳಿಯುತ್ತಿದ್ದದ್ದು ಬರಿಯ ಮೆಣಸಿನಕಾಯಿ.