ಟುರಿನ್‌ಗೆ ಬಂದ ತಮ್ಮನಿಗೆ: ಡಬ್ಬಿಂಗ್ ಅಂತ ಮೂಗು ಮುರಿಯಬೇಡ

ತಮ್ಮಾ, ಎರಡು ವಿಷಯ ಕೇಳಿದ್ದೀಯ. ಇಲ್ಲಿ ಹಾಲಿವುಡ್ ಸಿನಿಮಾ ಎಲ್ಲ ಇಟಾಲಿಯನ್‌ನಲ್ಲೇ ಇರುತ್ತಲ್ಲಕ್ಕಾ, ಇಂಗ್ಲಿಷ್‌ನಲ್ಲಿ ಎಲ್ಲಿ ಸಿಗುತ್ತೆ ಅಂತ ಒಂದು. ಕಾಲೇಜು ಬಿಟ್ಟರೆ ಇಲ್ಲಿನವರ ಜೊತೆ ಏನು ಮಾತಾಡಲಿ ಅಂತ ಇನ್ನೊಂದು. ಎರಡಕ್ಕೂ ಸೇರಿಸಿ ಒಬ್ಬ ಡಬ್ಬಿಂಗ್ ಕಲಾವಿದನ ಹೆಸರು ಹೇಳುತ್ತೇನೆ: ಫೆರೂಚ್ಚೊ ಅಮೆಂಡೋಲಾ.

ಹುಟ್ಟಿದ್ದು ನೀನಿರುವ ಟುರಿನ್‌ನಲ್ಲೇ, 1930ರಲ್ಲಿ. ನಾಟಕ, ಸಿನಿಮಾದವರ ಮನೆತನ. ಕೆಲಸವೆಲ್ಲ ರೋಮ್‌ನಲ್ಲಿ. ಹುಡುಗನಾಗಿದ್ದಾಗಲೇ ಡಬ್ಬಿಂಗ್ ಶುರು. ತೆರೆಯ ಮೇಲೆ ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದ ನಟ. ನಿರ್ದೇಶಕ ಮೊನಿಚೆಲ್ಲಿಯ 1959ರ ಯುದ್ಧದ ಸಿನಿಮಾ 'ಲಾ ಗ್ರಾಂದೆ ಗ್ವೆರಾ'ದಲ್ಲಿ ಸೈನಿಕರ ಗುಂಪಿನಲ್ಲಿ ಒಬ್ಬ. ಆ ಮುಖ ನೋಡಿ ಯಾರೂ ಹೀರೋ ಮಾಡುತ್ತಿರಲಿಲ್ಲ ಬಿಡು.

ಆದರೆ ದನಿ! ರಾಬರ್ಟ್ ಡಿ ನೀರೊ, ಅಲ್ ಪಚೀನೊ, ಡಸ್ಟಿನ್ ಹಾಫ್‌ಮನ್, ಸಿಲ್ವೆಸ್ಟರ್ ಸ್ಟಲೋನ್ – ನಾಲ್ಕೂ ಜನ ವರ್ಷಗಟ್ಟಲೆ ಇಟಲಿಯಲ್ಲಿ ಮಾತಾಡಿದ್ದು ಈ ಒಬ್ಬನ ಗಂಟಲಲ್ಲಿ. ಸ್ವಲ್ಪ ಒರಟು, ಸ್ವಲ್ಪ ದಣಿದ ದನಿ. ನಮ್ಮ ಕೆಳಗಿನ ಮನೆಯ ಅಜ್ಜಿಗೆ ಡಿ ನೀರೊ ಇಂಗ್ಲಿಷ್‌ನಲ್ಲಿ ಮಾತಾಡುವುದನ್ನು ಒಮ್ಮೆ ನಾನೇ ಕೇಳಿಸಿದೆ. "ಇವನಲ್ಲ ಅವನು" ಅಂತ ಎದ್ದು ಅಡುಗೆಮನೆಗೆ ಹೋದರು.

1995ರಲ್ಲಿ 'ಹೀಟ್' ಬಂದಾಗ ಪೇಚಾಟ ಶುರುವಾಯಿತು. ಡಿ ನೀರೊ, ಪಚೀನೊ ಒಂದೇ ಮೇಜಿನ ಎದುರುಬದುರು ಕೂತು ಮಾತಾಡುವ ಸಿನಿಮಾ ಅದು. ಒಬ್ಬನೇ ಎರಡೂ ಕಡೆ ಮಾತಾಡಿದರೆ ಹೇಗೆ? ಅಮೆಂಡೋಲಾ ಡಿ ನೀರೊನನ್ನು ಇಟ್ಟುಕೊಂಡ. ಪಚೀನೊ ಜಾಂಕಾರ್ಲೊ ಜನ್ನೀನಿ ಪಾಲಾದ. ಜನ್ನೀನಿ ಆಸ್ಕರ್‌ಗೆ ನಾಮಿನೇಟ್ ಆಗಿದ್ದ ದೊಡ್ಡ ನಟ. ಅಂಥವನೂ ಬೇರೆಯವರ ತುಟಿಗೆ ಮಾತು ಕೊಡಲು ಬರುತ್ತಾನೆ. ಇಲ್ಲಿ ಇದನ್ನು ಯಾರೂ ಕೀಳು ಕೆಲಸ ಅನ್ನುವುದಿಲ್ಲ.

ನನಗೆ ಜಾಸ್ತಿ ಇಷ್ಟ ಇನ್ನೊಂದು. ಎಪ್ಪತ್ತರ ದಶಕದಲ್ಲಿ ತೊಮಾಸ್ ಮಿಲಿಯನ್ ಅಂತ ಒಬ್ಬ ನಟ ರೋಮ್‌ನ ಗಲ್ಲಿಯ ಪುಂಡನ ಪಾತ್ರ ಮಾಡಿ ಮನೆಮಾತಾದ. ಅವನು ಕ್ಯೂಬಾದವನು. ಅವನ ಬಾಯಲ್ಲಿ ಬರುವ ಅಪ್ಪಟ ರೋಮ್ ಭಾಷೆ, ಬೈಗುಳ ಸಮೇತ, ಟುರಿನ್‌ನಲ್ಲಿ ಹುಟ್ಟಿದ ಅಮೆಂಡೋಲಾನದು. ರೋಮ್‌ನವರು ಮಿಲಿಯನ್‌ನನ್ನು ನಮ್ಮವನೇ ಅಂದುಕೊಂಡರು!

ನಮ್ಮಲ್ಲಿ ಅರವತ್ತರ ದಶಕದಿಂದಲೂ ಡಬ್ಬಿಂಗ್ ಬೇಡ ಅಂತ ಹೋರಾಟ ನಡೆದದ್ದು ನಿನಗೆ ಗೊತ್ತಲ್ವಾ. ತೆಲುಗು, ಹಿಂದಿ ಎಲ್ಲ ಇದ್ದ ಹಾಗೇ ನೋಡಿ ಬೆಳೆದವರು ನಾವು. ಇಲ್ಲಿ ಪೂರ್ತಿ ಉಲ್ಟಾ. 1930ರ ಸುಮಾರಿಗೆ ಮುಸೊಲಿನಿ ಸರ್ಕಾರ ತೆರೆಯ ಮೇಲೆ ಪರಭಾಷೆ ಕೇಳಿಸಬಾರದು ಅಂತ ಕಟ್ಟುಮಾಡಿತು. 1933ರಲ್ಲಿ ಡಬ್ಬಿಂಗ್ ಇಟಲಿಯಲ್ಲೇ ಆಗಬೇಕು ಅಂತ ಕಾನೂನೂ ಬಂತು. ಆ ಸರ್ಕಾರ ಹೋಯಿತು, ಅಭ್ಯಾಸ ಉಳಿಯಿತು.

ಅಮೆಂಡೋಲಾಗೆ ಮುಖದಿಂದ ಹೆಸರು ಬಂದದ್ದು ತಡವಾಗಿ, ಎಂಬತ್ತು-ತೊಂಬತ್ತರ ದಶಕದ ಟಿವಿ ಧಾರಾವಾಹಿಗಳಿಂದ. ತೀರಿಕೊಂಡದ್ದು 2001ರಲ್ಲಿ. ಮಗ ಕ್ಲೌಡಿಯೊ ಇವತ್ತಿಗೂ ನಟ.

ಈಗ ನಿನ್ನ ವಿಷಯ. ಮನೆಯಲ್ಲಿ ಡಿ ನೀರೊನ 'ಟ್ಯಾಕ್ಸಿ ಡ್ರೈವರ್' ಇಟಾಲಿಯನ್ ಆಡಿಯೊ, ಇಟಾಲಿಯನ್ ಸಬ್‌ಟೈಟಲ್ ಹಾಕಿ ನೋಡು. ಕಥೆ ಗೊತ್ತಿರುವುದರಿಂದ ಭಾಷೆ ಬೇಗ ಕಿವಿಗೆ ಹತ್ತುತ್ತದೆ. ಆದರೆ ಡಬ್ಬಿಂಗ್‌ನ ಭಾಷೆ ತುಂಬಾ ನೀಟು. ಪೋರ್ತಾ ಪಲಾತ್ಸೊ ಸಂತೆಯಲ್ಲಿ ಟೊಮೆಟೊ ಮಾರುವವನು ಹಾಗೆ ಮಾತಾಡುವುದಿಲ್ಲ. ಸುಮ್ನೆ ಅಲ್ಲಿಗೂ ಹೋಗಿ ನಿಂತು ಕೇಳಬೇಕು.

ಕ್ಲಾಸ್‌ಮೇಟ್‌ಗಳ ಹತ್ತಿರ "ಡಿ ನೀರೊಗೆ ಈಗ ಯಾರ ದನಿ? ಅಮೆಂಡೋಲಾ ಥರ ಇದೆಯಾ?" ಅಂತ ಕೇಳಿ ನೋಡು. ಇಲ್ಲಿ ಇದಕ್ಕೆ ಅಭಿಪ್ರಾಯ ಇಲ್ಲದವರು ಕಡಿಮೆ. ಆಮೇಲೆ ನೀನು ಬಾಯಿ ತೆರೆಯುವ ಕೆಲಸ ಸ್ವಲ್ಪ ಹೊತ್ತು ಇರುವುದಿಲ್ಲ.

ಇಂಗ್ಲಿಷ್‌ನಲ್ಲೇ ನೋಡಬೇಕು ಅನಿಸಿದರೆ ಮೋಲೆ ಗೋಪುರದ ಹತ್ತಿರ ಸಿನಿಮಾ ಮ್ಯೂಸಿಯಂನವರದ್ದೇ ಮಾಸ್ಸಿಮೊ ಥಿಯೇಟರ್ ಇದೆ. ಪಟ್ಟಿಯಲ್ಲಿ 'ವಿ.ಒ.' ಅಂತ ಇದ್ದರೆ ಅದು ಮೂಲ ಭಾಷೆಯ ಶೋ. ಟಿಕೆಟ್ ತೆಗೆಯುವ ಮೊದಲು ಅದನ್ನು ನೋಡಿಕೋ.