ಓದುಗರ ಪ್ರಶ್ನೆ: 6 ಇದ್ದದ್ದು 5 ಆದರೆ ಮಂಡಿ ಕೆಟ್ಟಿತೇ?

ಪ್ರಶ್ನೆ: ಮಗನಿಗೆ 22 ವರ್ಷ, ಕಬಡ್ಡಿ ಆಟಗಾರ. ಮಂಡಿಯ ಎಸಿಎಲ್ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ನಾರಿನ ಪಟ್ಟಿ) ಹರಿದು ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು. ಫಿಸಿಯೋಥೆರಪಿಸ್ಟ್ ಹದಿನೈದು ದಿನಕ್ಕೊಮ್ಮೆ ಹಾಳೆ ಕೊಟ್ಟು, ಐದು ಕೆಲಸಗಳಿಗೆ 0ಯಿಂದ 10ರೊಳಗೆ ಅಂಕ ಹಾಕಿಸುತ್ತಾರೆ. ಮೆಟ್ಟಿಲು ಇಳಿಯುವುದಕ್ಕೆ ಹೋದ ಸಲ 6 ಹಾಕಿದ್ದ, ಈ ಸಲ 5. ಇದರ ಬದಲು ಇನ್ನೊಂದು ಸ್ಕ್ಯಾನ್ ಮಾಡಿಸೋಣವೇ?
– ಓದುಗರು, ವಿನೋಬನಗರ, ದಾವಣಗೆರೆ

ಉತ್ತರ: ಒಂದು ಅಂಕ ಇಳಿದದ್ದಕ್ಕೆ ಗಾಬರಿ ಬೇಡ. ನೀವು ಹೇಳುವ ಹಾಳೆ 1995ರಲ್ಲಿ ಕೆನಡಾದಲ್ಲಿ ಪ್ರಕಟವಾದ ಪೇಷೆಂಟ್ ಸ್ಪೆಸಿಫಿಕ್ ಫಂಕ್ಷನಲ್ ಸ್ಕೇಲ್. ಇದರಲ್ಲಿ ತನಗೆ ಕಷ್ಟವಾಗುವ ಕೆಲಸಗಳನ್ನು ರೋಗಿಯೇ ಹೆಸರಿಸುತ್ತಾನೆ. 0 ಎಂದರೆ ಮಾಡಲು ಆಗುವುದೇ ಇಲ್ಲ, 10 ಎಂದರೆ ಪೆಟ್ಟಾಗುವ ಮುಂಚಿನ ಹಾಗೆ. ಒಂದೇ ಕೆಲಸದ ಅಂಕವಾದರೆ 3, ಎಲ್ಲದರ ಸರಾಸರಿಯಾದರೆ 2ರಷ್ಟು ಬದಲಾಗಬೇಕು. ಆಗಷ್ಟೇ ಅದನ್ನು ನಿಜವಾದ ಬದಲಾವಣೆ ಎಂದು ನೆಚ್ಚಬಹುದು. ಉದಾಹರಣೆಗೆ, ಹೋದ ಸಲ 6, 4, 3, 2, 0 ಇದ್ದದ್ದು ಈ ಸಲ 5, 6, 5, 5, 4 ಆಗಿದ್ದರೆ ಸರಾಸರಿ 3ರಿಂದ 5ಕ್ಕೆ ಏರಿದೆ. ಮೆಟ್ಟಿಲಿನ ಅಂಕ ಇಳಿದರೂ ಮಗ ಸುಧಾರಿಸಿದ್ದಾನೆ.

ತಪ್ಪು ಹೆಚ್ಚಾಗಿ ಆಗುವುದು ಎರಡು ಕಡೆ. ನೋವಿನ ಮಾಪನದಲ್ಲಿ 10 ಎಂದರೆ ತಡೆಯಲಾರದ ನೋವು, ಇಲ್ಲಿ 10 ಎಂದರೆ ಪೂರ್ತಿ ಸಲೀಸು. ಎರಡನ್ನೂ ಒಂದೇ ದಿನ ತುಂಬುವವರು ಇವನ್ನು ಅದಲುಬದಲು ಮಾಡಿಬಿಡುತ್ತಾರೆ. ಇನ್ನೊಂದು, ಕೆಲಸದ ವಿವರ. ಬರೀ ‘ಓಟ’ ಎಂದು ಬರೆದರೆ ಒಂದು ಸಲ ರಸ್ತೆಯ ಓಟ, ಇನ್ನೊಂದು ಸಲ ರೈಡ್ ನೆನಪಾಗುತ್ತದೆ. ‘ರೈಡ್‌ಗೆ ಹೋಗಿ ಬಲಗಾಲಿನ ಮೇಲೆ ತಿರುಗಿ ಗೆರೆ ಮುಟ್ಟುವುದು’, ‘ಮನೆಯ ಹದಿನೈದು ಮೆಟ್ಟಿಲು ಕಂಬಿ ಹಿಡಿಯದೆ ಇಳಿಯುವುದು’ ಎಂದು ಬರೆಯಲಿ. ಪ್ರತಿ ಸಲವೂ ಅದೇ ಐದು ಕೆಲಸ, ಹೆಚ್ಚುಕಡಿಮೆ ಅದೇ ಹೊತ್ತು, ವ್ಯಾಯಾಮಕ್ಕೆ ಮುಂಚೆ. ಅಂಕ ಅವನೇ ಹಾಕಬೇಕು. ನೀವು ಪಕ್ಕದಲ್ಲಿ ಕೂತು ‘ಇನ್ನೊಂದು ಜಾಸ್ತಿ ಹಾಕೋ’ ಅನ್ನಬೇಡಿ.

ಲಿಗಮೆಂಟ್ ಹೇಗಿದೆ ಎಂದು ಸ್ಕ್ಯಾನ್ ತೋರಿಸುತ್ತದೆ. ಆದರೆ ಮೆಟ್ಟಿಲ ಮೇಲೆ ಅವನಿಗೆ ತನ್ನ ಕಾಲಿನ ಮೇಲೆ ನಂಬಿಕೆ ಬಂದಿದೆಯೇ ಎಂಬುದು ಅದರಲ್ಲಿ ಕಾಣುವುದಿಲ್ಲ. ಹಾಗೆಂದು ಎಲ್ಲದಕ್ಕೂ 10 ಬಂತೆಂದು ಅಂಕಣಕ್ಕೆ ಇಳಿಸಬೇಡಿ. ಅದಕ್ಕೆ ತೊಡೆಯ ಬಲ ಮತ್ತು ಒಂಟಿಕಾಲಿನ ಜಿಗಿತದ ಪರೀಕ್ಷೆ ಬೇರೆಯೇ ಆಗಬೇಕು, ಇನ್ನೊಂದು ಕಾಲಿನ 90 ಶೇಕಡಾವನ್ನಾದರೂ ಮುಟ್ಟಬೇಕು. ಆಪರೇಷನ್ ಆಗಿ 9 ತಿಂಗಳಾಗುವ ಮೊದಲೇ ಆಟಕ್ಕೆ ಮರಳಿದರೆ ಮತ್ತೆ ಪೆಟ್ಟಾಗುವ ಅಪಾಯ ಹೆಚ್ಚು. ಮಂಡಿ ಊದಿಕೊಂಡರೆ, ಸಿಕ್ಕಿಕೊಂಡರೆ, ನಡೆಯುವಾಗ ಜಾರಿದಂತಾದರೆ ಅಂಕ ಎಷ್ಟೇ ಇರಲಿ, ಸರ್ಜನ್‌ಗೆ ತೋರಿಸಿ.

ಪ್ರಶ್ನೆ: ಅಮ್ಮನಿಗೆ 62, ಮಂಡಿನೋವು, ಓದು ಬಾರದು. 20 ಪ್ರಶ್ನೆಯ ಹಾಳೆಯಲ್ಲಿ ‘ವೇಗವಾಗಿ ಓಡುವಾಗ ತಟ್ಟನೆ ತಿರುಗುವುದು’ ಅಂತೆಲ್ಲ ಇದೆ. 0 ಹಾಕಲೇ?
– ಓದುಗರು, ಹೊಳಲ್ಕೆರೆ

ಉತ್ತರ: ಅದು ಕಾಲಿನ ಕೆಲಸ ಅಳೆಯುವ ಎಲ್‌ಇಎಫ್‌ಎಸ್ (ಲೋವರ್ ಎಕ್ಸ್‌ಟ್ರೆಮಿಟಿ ಫಂಕ್ಷನಲ್ ಸ್ಕೇಲ್) ಹಾಳೆ. ಪ್ರಶ್ನೆಗೆ 0ಯಿಂದ 4, ಒಟ್ಟು 80. 9 ಅಂಕ ಏರಿದರೆ ಸುಧಾರಣೆ ಎಂದು ಲೆಕ್ಕ. ಅಮ್ಮ ಓಡುವುದೇ ಇಲ್ಲವೆಂದು ಸುಮ್ಮನೆ 0 ಹಾಕಬೇಡಿ, ಖಾಲಿಯೂ ಬಿಡಬೇಡಿ. ಎರಡರಿಂದಲೂ ಒಟ್ಟು ಅಂಕ ಇಳಿಯುತ್ತದೆ. ಆ ಪ್ರಶ್ನೆಗಳಿಗೆ ಗುರುತು ಮಾಡಿ ಫಿಸಿಯೋಥೆರಪಿಸ್ಟ್‌ಗೆ ತಿಳಿಸಿ. ಉಳಿದವನ್ನು ಇದ್ದದ್ದು ಇದ್ದ ಹಾಗೆ ಓದಿ ಹೇಳಿ, ಉತ್ತರ ಅವರ ಬಾಯಿಂದಲೇ ಬರಲಿ. ಜೊತೆಗೆ ಮೇಲಿನ ಐದು ಕೆಲಸದ ಹಾಳೆಯನ್ನೂ ಕೇಳಿ ಪಡೆಯಿರಿ. ‘ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಅರ್ಧ ಗಂಟೆ ಕೂತು ಕೈಯೂರದೆ ಏಳುವುದು’ ಎಂಬುದಕ್ಕೆ ಅವರು ತಡವರಿಸದೆ ಅಂಕ ಹೇಳುತ್ತಾರೆ.