ಯೆಶಾಯನ ಸಮುದ್ರಸರ್ಪ: ಭವಿಷ್ಯವಾಣಿಯೋ, ಹಳೆಯ ಪುರಾಣವೋ?

ಬೈಬಲಿನ ಪ್ರವಾದಿ ಯೆಶಾಯನ ಗ್ರಂಥದ 27ನೆಯ ಅಧ್ಯಾಯದ ಮೊದಲ ವಚನದಲ್ಲಿ ‘ಆ ದಿನ’ ಇಸ್ರಾಯೇಲರ ದೇವರಾದ ಯೆಹೋವನು ಲಿವ್ಯಾತಾನ್ ಎಂಬ ಸರ್ಪವನ್ನು ಕತ್ತಿಯಿಂದ ದಂಡಿಸುತ್ತಾನೆ ಎಂದಿದೆಯಲ್ಲ, ಅದು ಭವಿಷ್ಯವೋ ಪುರಾಣವೋ ಎಂದು ಕೇಳಿದ್ದೀರಿ. ಎರಡೂ ಹೌದು. ಎಂದೋ ನಡೆದುಹೋದ ಕಥೆಯನ್ನು ಕವಿ ಇನ್ನೂ ನಡೆಯಬೇಕಾದದ್ದಾಗಿ ಮಾಡಿದ್ದಾನೆ.

ಸಿರಿಯಾದ ಕರಾವಳಿಯ ರಾಸ್ ಶಮ್ರಾ ಬಳಿ 1928ರಲ್ಲಿ ರೈತನೊಬ್ಬನ ನೇಗಿಲಿಗೆ ಹಳೆಯ ಗೋರಿಯೊಂದು ತಗುಲಿತು. ಮುಂದಿನ ವರ್ಷಗಳ ಉತ್ಖನನದಲ್ಲಿ ಉಗಾರಿತ್ ನಗರವೂ ಬಾಳ ದೇವತೆಯ ಕಥೆಯುಳ್ಳ ಜೇಡಿಮಣ್ಣಿನ ಹಲಗೆಗಳೂ ಸಿಕ್ಕವು. ಅದರಲ್ಲಿ ಮೃತ್ಯುದೇವತೆ ಮೋತ್ ಬಾಳನಿಗೆ ಹೇಳಿಕಳುಹಿಸುತ್ತಾನೆ: ಓಡುವ ಸರ್ಪ ಲೋತಾನನ್ನು (ಇದೇ ಲಿವ್ಯಾತಾನ್) ನೀನು ಹೊಡೆದೆ, ಸುರುಳಿಗೊಂಡ ಸರ್ಪವನ್ನು, ಏಳು ತಲೆಯವನನ್ನು ನೀನು ಮುಗಿಸಿದೆ. ಯೆಶಾಯನ ಸರ್ಪಕ್ಕೂ ‘ಓಡುವ’, ‘ಸುರುಳಿಗೊಂಡ’ ಎಂಬ ವಿಶೇಷಣಗಳೇ, ಅದೇ ಕ್ರಮದಲ್ಲಿ. ಹಲಗೆ ನೋಡಿ ನಕಲು ಮಾಡಿದ್ದಂತೂ ಅಲ್ಲ, ಕ್ರಿ.ಪೂ. 1200ರ ಸುಮಾರಿಗೇ ಉಗಾರಿತ್ ನಾಶವಾಗಿತ್ತು. ಆ ಸೀಮೆಯ ಹಾಡುಗಾರರ ಬಾಯಲ್ಲಿ ಉಳಿದು ಬಂದಿರಬೇಕು.

ಹಾವು ಆಗಲೇ ಸತ್ತಿದ್ದರೆ ಜೆರುಸಲೇಮ್ ಹಾಳಾದದ್ದೇಕೆ? ಬೈಬಲಿನ 74ನೆಯ ಕೀರ್ತನೆಯ ಸಂಕಟ ಇದೇ: ದೇವಾಲಯ ಸುಟ್ಟುಹೋಗಿದೆ, ಆದರೂ ಲಿವ್ಯಾತಾನಿನ ತಲೆಗಳನ್ನು ಜಜ್ಜಿದವನು ನೀನೇ ಎಂದು ದೇವರಿಗೆ ನೆನಪಿಸುತ್ತದೆ. ಯೆಶಾಯ 51ರಲ್ಲಿ ಈ ಮೊರೆ ಇನ್ನೂ ತೀವ್ರ. ಯೆಹೋವನ ತೋಳೇ, ಎಚ್ಚರಗೊಳ್ಳು, ರಹಬ್ ಎಂಬ ಸಮುದ್ರರಾಕ್ಷಸನನ್ನು ಕಡಿದದ್ದು ನೀನೇ ಅಲ್ಲವೇ ಎನ್ನುತ್ತಾನೆ ಕವಿ. ಅದೇ ಉಸಿರಿನಲ್ಲಿ ಈಜಿಪ್ಟಿನಿಂದ ಹೊರಟ ಜನ ಸಮುದ್ರ ಬತ್ತಿ ದಾಟಿದ್ದು, ಸೆರೆಯಿಂದ ಬಿಡುಗಡೆಯಾದವರು ಹಾಡುತ್ತಾ ಚೀಯೋನಿಗೆ, ಅಂದರೆ ಜೆರುಸಲೇಮಿಗೆ, ಮರಳುವುದು. ಮೂರು ಕಾಲಗಳು ಮೂರೇ ವಚನಗಳಲ್ಲಿ! 27ಕ್ಕೆ ಬಂದರೆ ಹಾವಿನ ಸಾವೇ ಮುಂದಿದೆ.

25ನೆಯ ಅಧ್ಯಾಯದ ಚಮತ್ಕಾರ ನನಗೆ ಇನ್ನೂ ಇಷ್ಟ. ಉಗಾರಿತಿನ ಮೋತನಿಗೆ ಒಂದು ತುಟಿ ನೆಲಕ್ಕೆ, ಇನ್ನೊಂದು ಆಕಾಶಕ್ಕೆ, ಬಾಳನನ್ನೇ ನುಂಗಿದವನು. ಇಲ್ಲಿ ಯೆಹೋವನು ಮರಣವನ್ನೇ ನುಂಗುತ್ತಾನೆ.

ಎಲ್ಲ ಪ್ರವಾದಿಗಳಿಗೂ ಹಾವು ಬೇಕಿರಲಿಲ್ಲ. ಯೆರೆಮೀಯ 4ರಲ್ಲಿ ‘ನೋಡಿದೆನು’ ಎಂದು ನಾಲ್ಕು ಬಾರಿ ಬರುತ್ತದೆ. ಭೂಮಿ ನಿರಾಕಾರ, ಆಕಾಶದಲ್ಲಿ ಬೆಳಕಿಲ್ಲ, ಬೆಟ್ಟಗಳು ನಡುಗುತ್ತಿವೆ, ಹಕ್ಕಿಗಳೂ ಹಾರಿಹೋಗಿವೆ. ಸೃಷ್ಟಿಯ ಕಥೆಯನ್ನು ಹಿಂದುಮುಂದಾಗಿ ಓದಿದಂತೆ.

ಈ ಹಾವು ಇಂದಿನ ಯಾವ ದೇಶ ಎಂದು ಬಿಡಿಸಿ ಹೇಳುವ ವಿಡಿಯೋಗಳನ್ನು ದಯವಿಟ್ಟು ಬದಿಗಿಡಿ. ಕ್ರಿ.ಪೂ. 165ರ ಆಸುಪಾಸಿನ ದಾನಿಯೇಲ 7ರಲ್ಲಾದರೆ ಸಮುದ್ರದಿಂದೇಳುವ ನಾಲ್ಕು ಮೃಗಗಳು ನಾಲ್ಕು ರಾಜರೆಂಬ ವಿವರಣೆ ಅಲ್ಲೇ ಸಿಗುತ್ತದೆ. ಯೆಶಾಯ 27 ಅಂಥ ಕೀಲಿಕೈ ಕೊಡುವುದಿಲ್ಲ. ಮೊದಲು 51, ಆಮೇಲೆ 27 ಓದಿ ನೋಡಿ.